ಮರೆಯುವವಳ ಕಣ್ಣಿನಿಂದ: ‘ಫೈಂಡಿಂಗ್ ಡೋರಿ’ಯಲ್ಲಿ ವೈಕಲ್ಯದ ಚಿತ್ರಣ

ಪಿಕ್ಸಾರ್ ಸ್ಟುಡಿಯೊ 2003ರಲ್ಲಿ ತೆರೆಗೆ ತಂದ ‘ಫೈಂಡಿಂಗ್ ನೀಮೋ’ ಚಿತ್ರದಲ್ಲಿ ಡೋರಿ ಎಂಬ ನೀಲಿ ಮೀನಿನದು ಪೋಷಕ ಪಾತ್ರ. ಮಗನನ್ನು ಕಳೆದುಕೊಂಡ ಮಾರ್ಲಿನ್ ಎಂಬ ಕ್ಲೌನ್ ಮೀನಿಗೆ ಜೊತೆಯಾಗಿ ಹೊರಡುವುದು, ಹೊರಟದ್ದು ಏಕೆಂಬುದನ್ನೇ ಮತ್ತೆ ಮತ್ತೆ ಮರೆಯುವುದು, ಆ ಮರೆವಿನಿಂದ ನೋಡುಗರನ್ನು ನಗಿಸುವುದು ಅವಳ ಪಾಲಿನ ಕೆಲಸ. ಹದಿಮೂರು ವರ್ಷಗಳ ಬಳಿಕ, 2016ರ ಜೂನ್‌ನಲ್ಲಿ, ಅದೇ ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್ ಅವಳನ್ನೇ ನಾಯಕಿಯಾಗಿಸಿ ‘ಫೈಂಡಿಂಗ್ ಡೋರಿ’ಯನ್ನು ಬಿಡುಗಡೆ ಮಾಡಿದರು. ಆಂಗಸ್ ಮೆಕ್ಲೇನ್ ಸಹನಿರ್ದೇಶಕರು. ಚಿತ್ರಕಥೆಯಲ್ಲಿ ಸ್ಟ್ಯಾಂಟನ್ ಜೊತೆ ವಿಕ್ಟೋರಿಯಾ ಸ್ಟ್ರೌಸ್ ಇದ್ದರು. ಆಗ ಒಂದು ಕಥನದ ತೊಡಕು ಎದುರಾಗದೆ ಇರಲಿಲ್ಲ. ಪಕ್ಕದ ಪಾತ್ರಕ್ಕೆ ಮರೆವಿದ್ದರೆ ಹಾಸ್ಯವಾದರೂ ಹುಟ್ಟುತ್ತದೆ. ಮರೆವು ನಾಯಕಿಗೇ ಇದ್ದರೆ, ತಾನು ಹುಡುಕುತ್ತಿರುವುದು ಏನನ್ನು ಎಂದು ಅರೆಗಳಿಗೆಯಲ್ಲಿ ಮರೆಯುವ ಅವಳ ಬೆನ್ನು ಹತ್ತಿ ಕಥೆ ಮುಂದೆ ಸಾಗುವುದು ಹೇಗೆ?

ಈ ತೊಡಕಿಗೆ ಚಿತ್ರ ಕಂಡುಕೊಂಡ ಉಪಾಯದಲ್ಲೇ ವೈಕಲ್ಯದ ಬಗ್ಗೆ ಅದು ತೋರುವ ಗೌರವ ಇದೆ ಎಂಬುದು ಈ ಟಿಪ್ಪಣಿಯ ವಾದ. ಕ್ಯಾಮೆರಾ ಡೋರಿಯ ಒಳಗಿನಿಂದ ಲೋಕವನ್ನು ನೋಡುವಷ್ಟು ಹೊತ್ತೂ ಚಿತ್ರ ಹದ ತಪ್ಪುವುದಿಲ್ಲ. ಯಾವ ಪಾತ್ರಕ್ಕೆ ಆ ಒಳನೋಟವನ್ನು ಕೊಡುವುದಿಲ್ಲವೋ ಆ ಪಾತ್ರದ ಬಳಿ ಬಂದಾಗ ಹಳೆಯ ನಗೆಗೇ ಜಾರುತ್ತದೆ. ಇವೆರಡೂ ಒಂದೇ ಚಿತ್ರದಲ್ಲಿ, ಕೆಲವು ನಿಮಿಷಗಳ ಅಂತರದಲ್ಲಿ ಸಿಗುವುದರಿಂದ ಹೋಲಿಸಿ ನೋಡಲು ಅನುಕೂಲ.

ಮೊದಲ ಚಿತ್ರವನ್ನು ಇಲ್ಲಿ ಹೀನಾಯ ಮಾಡಬೇಕಿಲ್ಲ. ವೈಕಲ್ಯದ ಪ್ರಶ್ನೆಯನ್ನು ಅದೂ ಎತ್ತಿಕೊಂಡಿತ್ತು. ಬರಕುಡಾ ಮೀನಿನ ದಾಳಿಯಲ್ಲಿ ತಾಯಿಯೂ ಮೊಟ್ಟೆಗಳೂ ಹೋಗಿ, ಬಿರುಕು ಬಿಟ್ಟ ಒಂದೇ ಮೊಟ್ಟೆ ಉಳಿಯುತ್ತದೆ. ಅದರಿಂದ ಹೊರಬಂದ ನೀಮೋನ ಬಲಗಡೆಯ ಈಜುರೆಕ್ಕೆ ಚಿಕ್ಕದು. ಅಪ್ಪ ಮಾರ್ಲಿನ್ ಅದನ್ನು ಅದೃಷ್ಟದ ರೆಕ್ಕೆ ಎಂದು ಮುದ್ದಿಸುತ್ತಾನೆ, ಮಗನನ್ನು ಶಾಲೆಗೆ ಕಳಿಸಲು ಮಾತ್ರ ನಡುಗುತ್ತಾನೆ. ಮುಂದೆ ಸಿಡ್ನಿಯ ದಂತವೈದ್ಯನ ಕೋಣೆಯ ಗಾಜಿನ ತೊಟ್ಟಿಯಲ್ಲಿ ನೀಮೋ ಕೊಳವೆಯೊಂದಕ್ಕೆ ಸಿಕ್ಕಿಕೊಂಡಾಗ ಉಳಿದ ಮೀನುಗಳು ಎಳೆಯಲು ಓಡಿಬರುತ್ತವೆ. ಅವುಗಳನ್ನು ತಡೆಯುವವನು ಗಿಲ್. ಅವನದೂ ಊನಗೊಂಡ ರೆಕ್ಕೆಯೇ. ಹುಡುಗ ತಾನಾಗಿಯೇ ಹೊರಬರಲಿ ಎಂದು ಕಾಯುತ್ತಾನೆ, ಹುಡುಗ ಬರುತ್ತಾನೆ. ಒಬ್ಬ ವಿಕಲಾಂಗ ಹಿರಿಯ ಇನ್ನೊಬ್ಬ ವಿಕಲಾಂಗ ಕಿರಿಯನಿಗೆ ಬದುಕುವ ಕೌಶಲ ಕಲಿಸುವ ದೃಶ್ಯ ಮಕ್ಕಳ ಚಿತ್ರಗಳಲ್ಲಿ ಆಗ ಅಪರೂಪವಾಗಿತ್ತು, ಈಗಲೂ ಹೇರಳವಾಗೇನೂ ಇಲ್ಲ. ವೈಕಲ್ಯ ಅಧ್ಯಯನದ ವಿದ್ವಾಂಸರು ಈ ಚಿತ್ರವನ್ನು ಬೇಗನೆ ಗಮನಿಸಿದರು. ಆನ್ ಮಿಲೆಟ್ 2004ರಲ್ಲೇ ‘ಡಿಸೆಬಿಲಿಟಿ ಸ್ಟಡೀಸ್ ಕ್ವಾರ್ಟರ್ಲಿ’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು.

ಆದರೆ ಆ ಚಿತ್ರದ ಡೋರಿಯನ್ನು ನಾವು ನೋಡುವುದು ಬಹುಪಾಲು ಮಾರ್ಲಿನ್‌ನ ಕಣ್ಣಿನಿಂದ. ಅವಳ ಮರೆವು ಅವನಿಗೆ ಅಡ್ಡಿ, ಕಿರಿಕಿರಿ, ಒಮ್ಮೊಮ್ಮೆ ಅನಿರೀಕ್ಷಿತ ಸಹಾಯ. ಅವಳಿಗೆ ಅದು ಏನು ಎಂದು ಕೇಳುವ ಗೋಜಿಗೆ ಕಥೆ ಹೋಗುವುದೇ ಕಡಿಮೆ. ಕೊನೆಗೆ ಮಾರ್ಲಿನ್ ಅವಳನ್ನು ಬಿಟ್ಟು ಹೊರಟಾಗ, ಅವನು ಜೊತೆಗಿದ್ದರೆ ತನಗೆ ನೆನಪು ನಿಲ್ಲುತ್ತದೆ ಎಂದು ಅವಳು ಹೇಳಿಕೊಳ್ಳುವ ಗಳಿಗೆಯೊಂದಿದೆ. ಎರಡನೆಯ ಚಿತ್ರದ ಬೀಜ ಅಲ್ಲಿದೆ ಎನ್ನಬಹುದು. ಚಿಕ್ಕ ಗಳಿಗೆ ಅದು. ಅಳಿಸಿ, ದಾಟಿಸಿ, ಮುಂದೆ ಹೋಗುತ್ತದೆ.

ಹಾಗಿದ್ದೂ ವೈದ್ಯಕೀಯವಾಗಿ ನೋಡಿದರೆ ಮೊದಲ ಚಿತ್ರದ ಡೋರಿಯೇ ನಿಖರವಾದ ಪಾತ್ರ ಎಂಬುದು ಸೋಜಿಗದ ಸಂಗತಿ. ಲಂಡನ್ನಿನ ನರಮನೋವಿಜ್ಞಾನಿ ಸ್ಯಾಲಿ ಬ್ಯಾಕ್ಸೆಂಡೇಲ್ 2004ರ ಡಿಸೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಸಿನಿಮಾಗಳ ಸ್ಮೃತಿನಾಶವನ್ನು ಕುರಿತು ಲೇಖನ ಬರೆದರು. ತಲೆಗೆ ಪೆಟ್ಟು ಬಿದ್ದು ತನ್ನ ಹೆಸರನ್ನೇ ಮರೆಯುವ, ಇನ್ನೊಂದು ಪೆಟ್ಟಿಗೆ ಎಲ್ಲವನ್ನೂ ನೆನಪಿಸಿಕೊಳ್ಳುವ ನಾಯಕರು ನಮ್ಮ ಚಿತ್ರಗಳಲ್ಲಿ ಇರುವಷ್ಟೇ ಹಾಲಿವುಡ್‌ನಲ್ಲೂ ಇದ್ದಾರೆ. ನಿಜವಾದ ರೋಗಿಗಳು ಹಾಗಿರುವುದಿಲ್ಲ ಎಂಬುದು ಆ ಲೇಖನದ ತಿರುಳು. ವಾಸ್ತವಕ್ಕೆ ಹತ್ತಿರವಾದವು ಎಂದು ಅವರು ಎತ್ತಿ ಹೇಳಿದ ಬೆರಳೆಣಿಕೆಯ ಚಿತ್ರಗಳಲ್ಲಿ ‘ಮೆಮೆಂಟೊ’ ಒಂದಾದರೆ ‘ಫೈಂಡಿಂಗ್ ನೀಮೋ’ ಇನ್ನೊಂದು. ಹೊಸ ಸಂಗತಿ ತಲೆಯಲ್ಲಿ ನಿಲ್ಲದಿರುವುದು, ಹೆಸರು ಬಾಯಿಗೆ ಬಾರದಿರುವುದು, ಎಲ್ಲಿಗೆ ಹೊರಟೆ ಎಂಬುದೇ ತಪ್ಪಿಹೋಗುವುದು, ಜೊತೆಗಿರುವವರು ತಾಳ್ಮೆಗೆಡುವುದು ಇವೆಲ್ಲ ತೀವ್ರ ಸ್ಮೃತಿದೋಷವಿರುವವರ ದಿನನಿತ್ಯವನ್ನು ಹೋಲುತ್ತವೆ ಎಂದು ಅವರು ಗುರುತಿಸಿದರು.

ಎರಡನೆಯ ಚಿತ್ರ ಈ ಅಂಶದಲ್ಲಿ ಸ್ವಲ್ಪ ಹಿಂದೆ ಸರಿಯುತ್ತದೆ. ಅಲ್ಲಿ ಡೋರಿಗೆ ಬಾಲ್ಯದ ಇಡೀ ಸನ್ನಿವೇಶಗಳು ಬಣ್ಣ, ಮಾತು, ಅಳು ಸಮೇತ ಮರಳಿ ಬರುತ್ತವೆ. ಎಳವೆಯಲ್ಲೇ ಮಿದುಳಿನ ಹಿಪ್ಪೋಕ್ಯಾಂಪಸ್ ಭಾಗಕ್ಕೆ ಹಾನಿಯಾದ ಮೂವರನ್ನು ಲಂಡನ್ನಿನ ಫರಾನೆ ವರ್ಗಾ-ಖದೇಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಆ ಮಕ್ಕಳು ಮಾತು ಕಲಿತರು, ಓದು ಕಲಿತರು, ಸಾಮಾನ್ಯ ಶಾಲೆಗಳಿಗೇ ಹೋದರು. ಇಂಥ ದಿನ ಇಂಥಲ್ಲಿ ಹೀಗಾಯಿತು ಎಂಬ ಘಟನೆಯ ನೆನಪು ಮಾತ್ರ ಅವರಿಗೆ ಉಳಿಯುತ್ತಿರಲಿಲ್ಲ. ಡೋರಿಗೆ ತಿರುಗಿ ಬರುವುದು ಈ ಬಗೆಯ ನೆನಪೇ. ಚಿತ್ರಕಥೆಗಾರರು ಇಲ್ಲಿ ನರವಿಜ್ಞಾನವನ್ನು ಬದಿಗಿಟ್ಟು ಕಥೆಗೆ ಬೇಕಾದ್ದನ್ನು ತೆಗೆದುಕೊಂಡಿದ್ದಾರೆ. ಅದನ್ನು ದೋಷವೆಂದು ಪಟ್ಟಿ ಮಾಡುವ ಉತ್ಸಾಹ ನನಗಿಲ್ಲ. ಏಕೆಂದರೆ ಅವಳ ನೆನಪು ಮರಳುವ ರೀತಿ ಪೂರ್ತಿ ಕಪೋಲಕಲ್ಪಿತವೂ ಅಲ್ಲ. ಅದು ಯಾವಾಗಲೂ ಹೊರಗಿನ ಒಂದು ಕುರುಹಿಗೆ ಜೋತುಬಿದ್ದು ಬರುತ್ತದೆ: ಒಳಸೆಳೆತದ ಬಗ್ಗೆ ಶಾಲೆಯ ಮೇಷ್ಟ್ರು ಹೇಳಿದ ಮಾತು, ಒಂದು ಚಿಪ್ಪಿನ ಬಣ್ಣ, ಹಾಡಿನ ಧಾಟಿ. ಸ್ಮೃತಿದೋಷವಿರುವವರ ಪುನರ್ವಸತಿಯೂ ಬಹುಮಟ್ಟಿಗೆ ಕುರುಹುಗಳನ್ನೇ ನೆಚ್ಚಿಕೊಂಡದ್ದು. ಗೋಡೆಯ ಮೇಲಿನ ಚೀಟಿ, ಜೇಬಿನ ಟಿಪ್ಪಣಿ ಪುಸ್ತಕ, ತಪ್ಪದೆ ಅದೇ ಜಾಗದಲ್ಲಿಡುವ ಬೀಗದ ಕೈ. 1953ರಲ್ಲಿ ಅಪಸ್ಮಾರಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ಹೊಸ ನೆನಪು ಕಟ್ಟುವ ಶಕ್ತಿಯನ್ನೇ ಕಳೆದುಕೊಂಡ ಹೆನ್ರಿ ಮೊಲೈಸನ್, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತರು, ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ ಎಂದು ಬ್ರೆಂಡಾ ಮಿಲ್ನರ್ ತೋರಿಸಿಕೊಟ್ಟಿದ್ದರು. ಘಟನೆ ಅಳಿದರೂ ರೂಢಿ ಉಳಿಯುತ್ತದೆ. ಡೋರಿಯ ತಂದೆತಾಯಿ ನೆಚ್ಚಿಕೊಂಡದ್ದು ಈ ರೂಢಿಯನ್ನೇ.

ಚಿತ್ರ ಶುರುವಾಗುವುದು ಒಂದು ಅಭ್ಯಾಸದಿಂದ. ಕಣ್ಣೇ ಮೈಯಾದಂತಿರುವ ಪುಟ್ಟ ಡೋರಿ, ತನ್ನ ಹೆಸರು ಹೇಳಿ, ತನಗೆ ಮರೆವಿನ ತೊಂದರೆಯಿದೆ ಎಂದು ಎದುರಿನವರಿಗೆ ತಿಳಿಸುವುದನ್ನು ಅಪ್ಪ ಚಾರ್ಲಿ, ಅಮ್ಮ ಜೆನ್ನಿ ಆಟವಾಡಿಸುತ್ತ ಕಲಿಸುತ್ತಿದ್ದಾರೆ. ಕಣ್ಣಾಮುಚ್ಚಾಲೆಯ ನಡುವೆ ಪಾಠ. ಒಳಸೆಳೆತದ ಹತ್ತಿರ ಹೋಗಬಾರದು ಎಂಬುದಕ್ಕೆ ಒಂದು ಹಾಡು. ಮಗು ತಪ್ಪು ಹೇಳುತ್ತದೆ, ಮರೆಯುತ್ತದೆ, ತಪ್ಪಾಯಿತು ಎನ್ನುತ್ತದೆ. ತಪ್ಪೊಪ್ಪಿಕೊಳ್ಳಬೇಕಿಲ್ಲ ಎಂದು ಅವರು ಮತ್ತೆ ಶುರು ಮಾಡುತ್ತಾರೆ. ಮರೆವನ್ನು ಮುಚ್ಚಿಡಲು ಅವರು ಕಲಿಸುವುದಿಲ್ಲ. ಮನೆಯ ಮಗುವಿನ ಬುದ್ಧಿಯ ತೊಂದರೆಯನ್ನು ನೆಂಟರಿಷ್ಟರಿಂದ ಅಡಗಿಸುವ ಸಮಾಜಗಳಲ್ಲಿ ಈ ಚಿತ್ರ ನೋಡಿದವರಿಗೆ ಈ ಮೊದಲ ನಿಮಿಷಗಳು ಚುರುಕ್ಕೆನ್ನಿಸಿರಬಹುದು. ಮುಂದೆ ಡೋರಿ ತಪ್ಪಿಸಿಕೊಂಡು ಒಂಟಿಯಾದಾಗ ಅವಳ ಬಳಿ ಉಳಿಯುವ ಆಸ್ತಿ ಇದೊಂದೇ ವಾಕ್ಯ. ಎದುರು ಸಿಕ್ಕ ಪ್ರತಿ ಮೀನಿಗೂ ಅದನ್ನೇ ಒಪ್ಪಿಸುತ್ತಾಳೆ. ಕೆಲವರು ಮರುಗುತ್ತಾರೆ, ಕೆಲವರು ಜಾರಿಕೊಳ್ಳುತ್ತಾರೆ. ಅವಳು ಬೆಳೆಯುತ್ತ ಹೋದಂತೆ ಯಾರನ್ನು ಹುಡುಕುತ್ತಿದ್ದೆ ಎಂಬುದು ಮಾಸುತ್ತದೆ, ವಾಕ್ಯ ಮಾತ್ರ ಬಾಯಲ್ಲಿ ನಿಲ್ಲುತ್ತದೆ. ಕೆಲವೇ ನಿಮಿಷಗಳ ಈ ಸರಣಿ ಮೊದಲ ಚಿತ್ರದಲ್ಲಿ ನಾವು ನಕ್ಕಿದ್ದ ಆ ಪರಿಚಯದ ಮಾತಿಗೆ ಹಿನ್ನೆಲೆಯನ್ನು ಕಟ್ಟಿಕೊಡುತ್ತದೆ. ನಗೆಚಾಟಿಕೆ ಎಂದುಕೊಂಡದ್ದು ಹೆತ್ತವರು ಕಲಿಸಿದ ರಕ್ಷಣೆಯ ಪಾಠವಾಗಿತ್ತು.

ಹೆತ್ತವರನ್ನು ಚಿತ್ರ ದೇವರ ಪಟ ಮಾಡುವುದಿಲ್ಲ. ಒಂದು ರಾತ್ರಿ ಜೆನ್ನಿ ಗಂಡನೆದುರು ಅಳುತ್ತಾಳೆ: ಈ ಮಗು ಮುಂದೆ ಒಂಟಿಯಾಗಿ ಬದುಕೀತೇ ಎಂದು. ಮಲಗಿದ್ದ ಡೋರಿ ಕೇಳಿಸಿಕೊಳ್ಳುತ್ತಾಳೆ. ಅಮ್ಮನನ್ನು ಸಮಾಧಾನ ಮಾಡಲು ಅವಳಿಗಿಷ್ಟವಾದ ನೇರಳೆ ಚಿಪ್ಪನ್ನು ತರಲು ಹೋಗಿ ಒಳಸೆಳೆತಕ್ಕೆ ಸಿಕ್ಕುತ್ತಾಳೆ. ವೈಕಲ್ಯವಿರುವ ಮಕ್ಕಳು ಹೆತ್ತವರ ಆತಂಕವನ್ನು ಕೇಳಿಸಿಕೊಂಡೇ ಬೆಳೆಯುತ್ತಾರೆ, ಅದರ ಹೊಣೆಯನ್ನೂ ತಾವೇ ಹೊರುತ್ತಾರೆ. ಇದನ್ನು ಇಷ್ಟು ಬಿಡಿಸಿ ತೋರಿಸಿದ ಇನ್ನೊಂದು ಮಕ್ಕಳ ಚಿತ್ರ ನನ್ನ ಗಮನಕ್ಕೆ ಬಂದಿಲ್ಲ. ಕಥೆಯ ದುರಂತ ಮರೆವಿನಿಂದ ಮಾತ್ರ ಹುಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು. ಆ ರಾತ್ರಿ ಅವಳನ್ನು ಹೊರಗೆ ಹೊರಡಿಸಿದ್ದು ಅಮ್ಮನ ಅಳು.

ಇನ್ನು ಚಿತ್ರದ ನಟ್ಟನಡುವಿನ ಹತ್ತು ನಿಮಿಷ. ಇಡೀ ಟಿಪ್ಪಣಿಯನ್ನು ಅದರ ಮೇಲೇ ಬರೆಯಬಹುದಿತ್ತು. ಕ್ಯಾಲಿಫೋರ್ನಿಯಾದ ಮೊರೊ ಬೇ ಊರಿನಲ್ಲಿರುವುದಾಗಿ ಚಿತ್ರ ಕಲ್ಪಿಸಿಕೊಂಡ ‘ಮರೀನ್ ಲೈಫ್ ಇನ್‌ಸ್ಟಿಟ್ಯೂಟ್’ ಎಂಬ ಕಡಲಜೀವಿಗಳ ಸಂಸ್ಥೆ ಡೋರಿ ಹುಟ್ಟಿದ ಮನೆ. ಅಲ್ಲಿಗೆ ತಲುಪಿದರೆ ಹೆತ್ತವರಿಲ್ಲ. ನಿನ್ನನ್ನು ಹುಡುಕಲು ಬಂದವರು ಮರಳಲಿಲ್ಲ ಎಂದು ಅಲ್ಲಿನ ಮೀನುಗಳು ಹೇಳಿದಾಗ ಅವರು ಸತ್ತರೆಂದೇ ಅವಳಿಗೆ ಅನ್ನಿಸುತ್ತದೆ. ಬಳಿಕ ಕೊಳವೆಯಿಂದ ಜಾರಿ ತೆರೆದ ಕಡಲಿಗೆ ಬೀಳುತ್ತಾಳೆ. ಮಾರ್ಲಿನ್ ಇಲ್ಲ, ನೀಮೋ ಇಲ್ಲ. ಇಲ್ಲಿಂದ ಕ್ಯಾಮೆರಾ ಅವಳ ಕಣ್ಣಾಗುತ್ತದೆ. ಸುತ್ತಲಿನ ಮೀನುಗಳು ಮಸುಕಾದ ಆಕಾರಗಳಾಗುತ್ತವೆ; ಅವಳು ಸಹಾಯ ಕೇಳುತ್ತಾಳೆ, ಏನು ಸಹಾಯ ಎಂದು ಅವರು ಕೇಳುವಷ್ಟರಲ್ಲಿ ಮಾತು ಕೈಬಿಟ್ಟಿರುತ್ತದೆ; ಯಾರನ್ನು ಕಳೆದುಕೊಂಡೆ ಎಂಬುದು ಜಾರುತ್ತದೆ, ಏನನ್ನೋ ಕಳೆದುಕೊಂಡೆ ಎಂಬುದಷ್ಟೇ ಉಳಿಯುತ್ತದೆ. ಮೊದಲ ಚಿತ್ರದಲ್ಲಿ ಇದೇ ಮರೆವಿಗೆ ನಾವು ನಕ್ಕಿದ್ದೆವು. ಇಲ್ಲಿ ಒಂದೇ ಒಂದು ನಗೆಗೂ ಜಾಗವಿಲ್ಲ, ಮರೆವು ಮಾತ್ರ ಕೂದಲೆಳೆಯಷ್ಟೂ ಬದಲಾಗಿಲ್ಲ.

ಆಮೇಲೆ ಅವಳು ಮಾಡುವ ಕೆಲಸ ನೋಡಿ. ತನ್ನನ್ನು ತಾನೇ ಮಾತಾಡಿಸಿಕೊಂಡು ಉಸಿರು ತಹಬಂದಿಗೆ ತರುತ್ತಾಳೆ. ಕಣ್ಣೆದುರು ಇರುವುದನ್ನು ಒಂದೊಂದಾಗಿ ಹೆಸರಿಸುತ್ತಾಳೆ. ಅತ್ತ ಕಡಲಪಾಚಿ, ಇತ್ತ ಮರಳು. ಮರಳು ಮೆತ್ತಗಿದೆ, ಸದ್ಯ ಅಷ್ಟು ಸಾಕು. ಆ ಮರಳಿನಲ್ಲಿ ಒಂದು ಚಿಪ್ಪು, ಅದರಾಚೆ ಇನ್ನೊಂದು. ಸಾಲು ಹಿಡಿದು ಹೋದರೆ ಒಂದು ಗೂಡು. ಗೂಡಿನಿಂದ ಎಲ್ಲ ದಿಕ್ಕಿಗೂ ಚಕ್ರದ ಅರಗಳಂತೆ ಹೊರಟ ಚಿಪ್ಪಿನ ಸಾಲುಗಳು. ಮಗಳು ಯಾವ ಕಡೆಯಿಂದ ಬಂದರೂ ದಾರಿ ಸಿಗಲೆಂದು ಚಾರ್ಲಿ ಮತ್ತು ಜೆನ್ನಿ ವರ್ಷಗಟ್ಟಲೆ ದಿನವೂ ಇಟ್ಟವು ಅವು.

ಈ ಚಿಪ್ಪಿನ ಸಾಲನ್ನು ತಂದೆತಾಯಿಯ ಪ್ರೀತಿಯ ಸಂಕೇತವೆಂದು ಓದಿ ಮುಗಿಸುವುದು ಸುಲಭ. ನನಗೆ ಅದರಲ್ಲಿ ಕಾಣುವುದು ಹೆಚ್ಚು ವ್ಯಾವಹಾರಿಕವಾದದ್ದು. ವಿಶ್ವಸಂಸ್ಥೆಯ 2006ರ ವಿಕಲಚೇತನರ ಹಕ್ಕುಗಳ ಒಡಂಬಡಿಕೆ, ಅದನ್ನು ಅನುಸರಿಸಿ ಭಾರತದ ಸಂಸತ್ತು ಒಪ್ಪಿದ 2016ರ ಕಾಯಿದೆ (ಅಂಗೀಕಾರವಾದದ್ದು ಈ ಚಿತ್ರ ಬಂದ ವರ್ಷದ ಡಿಸೆಂಬರ್‌ನಲ್ಲಿ) ಎರಡೂ ಒಂದು ಮಾತನ್ನು ಒತ್ತಿ ಹೇಳುತ್ತವೆ: ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಸುತ್ತಲಿನ ವ್ಯವಸ್ಥೆಯನ್ನು ಸರಿಹೊಂದಿಸಿಕೊಡಬೇಕು, ಹಾಗೆ ಮಾಡಿಕೊಡಲು ನಿರಾಕರಿಸುವುದೂ ತಾರತಮ್ಯವೇ. ಚಾರ್ಲಿ, ಜೆನ್ನಿ ಮಾಡಿದ್ದು ಇದನ್ನು. ಮಗಳ ನೆನಪಿನ ಶಕ್ತಿಯನ್ನು ಹೆಚ್ಚಿಸುವ ಹಟ ಅವರಿಗಿಲ್ಲ. ನೆನಪನ್ನು ನೆಲದ ಮೇಲೆ ಹಾಸಿಬಿಟ್ಟಿದ್ದಾರೆ. ಅವಳು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ, ಒಂದು ಚಿಪ್ಪಿನಿಂದ ಮುಂದಿನ ಚಿಪ್ಪು ಕಾಣಿಸಿದರೆ ಸಾಕು. ಬ್ರಿಟನ್ನಿನಲ್ಲಿ 1970ರ ದಶಕದಿಂದ ವಿಕಲಚೇತನರ ಸಂಘಟನೆಗಳು ವಾದಿಸುತ್ತ ಬಂದದ್ದೂ ಮೈಕ್ ಆಲಿವರ್ 1983ರಲ್ಲಿ ವೈಕಲ್ಯದ ಸಾಮಾಜಿಕ ಮಾದರಿ ಎಂದು ಹೆಸರಿಟ್ಟದ್ದೂ ಇದೇ ಯೋಚನೆಗೆ.

ಒಂದು ಆಕ್ಷೇಪಣೆಗೆ ಇಲ್ಲಿ ಎಡೆಯಿದೆ. ಸಾಲು ಹಾಕಿದ್ದು ಹೆತ್ತವರಿಬ್ಬರೇ. ಅಷ್ಟು ದೊಡ್ಡ ಕಡಲಿನಲ್ಲಿ ಮೂರನೆಯ ಜೀವ ಒಂದು ಚಿಪ್ಪನ್ನೂ ಇಟ್ಟಂತೆ ಕಾಣುವುದಿಲ್ಲ. ಹವಳದ ದಿಬ್ಬದ ಶಾಲೆಯಲ್ಲಿ ರೇ ಮೇಷ್ಟ್ರ ಪ್ರವಾಸಕ್ಕೆ ತಾನೂ ಹೊರಟ ಡೋರಿಯನ್ನು, ಎಲ್ಲರನ್ನೂ ನೋಡಿಕೊಳ್ಳುವ ಅವರಿಗೆ ನಿನ್ನ ಕಡೆ ಗಮನ ಕೊಡಲು ಆಗದು ಎಂದು ಮಾರ್ಲಿನ್ ಸುತ್ತಿ ಬಳಸಿ ಹೇಳಿ ಹಿಂದಕ್ಕೆ ಕಳಿಸಲು ನೋಡುತ್ತಾನೆ. ಶಾಲೆ ಬದಲಾಗಬೇಕೆಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅಮೆರಿಕದ ಕೌಟುಂಬಿಕ ಚಿತ್ರಗಳ ಲೋಕದಲ್ಲಿ ಆರೈಕೆ ಮನೆಯ ಹೊಣೆ; ಊರಿನ ಹೊಣೆಯಾಗುವುದು ಅಪರೂಪ. ‘ಫೈಂಡಿಂಗ್ ಡೋರಿ’ ಆ ಚೌಕಟ್ಟನ್ನು ಮುರಿದಿಲ್ಲ.

ಸಂಸ್ಥೆಯ ವಿಷಯದಲ್ಲಿ ಮಾತ್ರ ಅದು ಇನ್ನಷ್ಟು ಜಾಣ. ಗಾಯಗೊಂಡ ಜೀವಿಗಳನ್ನು ರಕ್ಷಿಸಿ, ಗುಣಪಡಿಸಿ, ಕಡಲಿಗೆ ಬಿಡುವುದು ಮರೀನ್ ಲೈಫ್ ಇನ್‌ಸ್ಟಿಟ್ಯೂಟಿನ ಧ್ಯೇಯ ಎಂದು ಧ್ವನಿವರ್ಧಕದಲ್ಲಿ ಸಿಗೌರ್ನಿ ವೀವರ್ ಅವರ ದನಿ ಸಾರುತ್ತಿರುತ್ತದೆ. ಅಲ್ಲಿನವರಿಗೆ ಕೇಡಿನ ಉದ್ದೇಶವಿಲ್ಲ. ಆದರೂ ಪ್ಲಾಸ್ಟಿಕ್ ಬಳೆಗೆ ಸಿಕ್ಕಿದ ಡೋರಿಯನ್ನು ಎತ್ತಿಕೊಂಡ ತಕ್ಷಣ ಅವಳ ರೆಕ್ಕೆಗೆ ಒಂದು ಕಿತ್ತಳೆ ಬಣ್ಣದ ಬಿಲ್ಲೆ ಬೀಳುತ್ತದೆ. ಆ ಬಿಲ್ಲೆ ಬಿದ್ದವರು ಲಾರಿ ಹತ್ತಿ ಕ್ಲೀವ್‌ಲ್ಯಾಂಡಿನ ಅಕ್ವೇರಿಯಮ್ಮಿಗೆ ಹೋಗಬೇಕು, ಉಳಿದ ಆಯುಸ್ಸನ್ನು ಗಾಜಿನ ಹಿಂದೆ ಕಳೆಯಬೇಕು. ಅವಳು ಯಾರು, ಎಲ್ಲಿಗೆ ಹೋಗಬೇಕೆನ್ನುತ್ತಾಳೆ ಎಂದು ಕೇಳುವವರಿಲ್ಲ. ಬಿಲ್ಲೆ ಹೇಳಿದ್ದೇ ಕೊನೆಯ ಮಾತು. ಕ್ಯಾಮೆರಾ ಮನುಷ್ಯರ ಕೈಗಳನ್ನು ತೊಟ್ಟಿಯ ಒಳಗಿನಿಂದ, ಕೆಳಗಿನಿಂದ ನೋಡುತ್ತದೆ. ಆಸ್ಪತ್ರೆಯ ಮಂಚದ ಮೇಲಿಂದ ಮೇಲೆ ನೋಡಿದವರಿಗೆ ಆ ಕೋನದ ಪರಿಚಯ ಇರುತ್ತದೆ.

ಈ ಬಿಲ್ಲೆಯನ್ನು ಬಯಸುವವನೂ ಒಬ್ಬ ಇದ್ದಾನೆ. ಹ್ಯಾಂಕ್ ಎಂಬ ಅಷ್ಟಪದಿ. ಅವನಿಗೆ ಕೈ ಏಳೇ. ಮಾದರಿ ತಯಾರಿಸುವಾಗ ಎಂಟನೆಯ ಕೈಯನ್ನು ಹೊಂದಿಸಲಾಗದೆ ಏಳಕ್ಕೇ ನಿಲ್ಲಿಸಬೇಕಾಯಿತು, ಕಥೆಗಾರರು ಅದನ್ನೇ ಪಾತ್ರದ ಗುಣವಾಗಿಸಿದರು ಎಂದು ಪಿಕ್ಸಾರ್‌ನವರೇ ಹೇಳಿಕೊಂಡಿದ್ದಾರೆ. ಡೋರಿ ಒಮ್ಮೆ ಎಣಿಸಿ ತಮಾಷೆಯ ಹೆಸರಿಡುತ್ತಾಳೆ. ಅದರಾಚೆ ಆ ಕೊರತೆಗೆ ಕಥೆಯಲ್ಲಿ ಯಾವ ದೊಡ್ಡ ಪಾತ್ರವೂ ಇಲ್ಲ. ಅವನು ಏಳು ಕೈಗಳಿಂದಲೇ ಗೋಡೆ ಹತ್ತುತ್ತಾನೆ, ಬಣ್ಣ ಬದಲಿಸುತ್ತಾನೆ, ಕೊನೆಗೆ ಲಾರಿಯನ್ನೂ ಓಡಿಸುತ್ತಾನೆ. ಅವನನ್ನು ಕಟ್ಟಿಹಾಕಿರುವುದು ಕಡಲಿನ ಭಯ. ಗಾಜಿನ ಪೆಟ್ಟಿಗೆ ಅವನಿಗೆ ಸೆರೆಯೆನ್ನಿಸುವುದಿಲ್ಲ, ನೆಮ್ಮದಿಯೆನ್ನಿಸುತ್ತದೆ. ಸಂಸ್ಥೆಯ ಒಳಗೇ ಬದುಕಲು ಒಗ್ಗಿದವರ ಮನಸ್ಸನ್ನು ಚಿತ್ರ ಅಣಕಿಸದೆ, ಅವನ ಜೊತೆ ವಾದ ಮಾಡುತ್ತದೆ. ಕೊನೆಯಲ್ಲಿ ಅವನು ಹೊರಗೆ ಬರುವುದನ್ನು ಕಥೆ ಸ್ವಲ್ಪ ಅವಸರದಿಂದಲೇ ಸಾಧಿಸಿಬಿಡುತ್ತದೆ ಎಂಬ ದೂರು ನನಗಿದೆ.

ಡೆಸ್ಟಿನಿ ಎಂಬ ತಿಮಿಂಗಿಲ ಶಾರ್ಕ್‌ಗೆ ದೂರದ್ದು ಕಾಣಿಸದು. ತೊಟ್ಟಿಯ ಗೋಡೆಗಳಿಗೆ ದಿನವಿಡೀ ತಲೆ ಬಡಿದುಕೊಳ್ಳುತ್ತಾಳೆ. ಕಡಲಿಗೆ ಹೋದರೆ ತನ್ನ ಗತಿಯೇನು ಎಂದು ಅಂಜುವ ಅವಳಿಗೆ ಕಡಲಿನಲ್ಲಿ ಗೋಡೆಗಳೇ ಇಲ್ಲ ಎಂಬ ಉತ್ತರ ಸಿಗುತ್ತದೆ. ನಗೆ ಬರಿಸುವ ಆ ಒಂದು ಮಾತಿನಲ್ಲಿ ಸಾಮಾಜಿಕ ಮಾದರಿಯ ಒಂದು ಪಾಠ ಪೂರ್ತಿ ಇದೆ. ಪಕ್ಕದ ತೊಟ್ಟಿಯ ಬೇಲಿ ಎಂಬ ಬೆಲೂಗಾ ತಿಮಿಂಗಿಲ ಪ್ರತಿಧ್ವನಿಯಿಂದ ದಾರಿ ಗುರುತಿಸುವ ತನ್ನ ಶಕ್ತಿ ಹೋಗಿದೆ ಎಂದು ನಂಬಿದ್ದಾನೆ, ವೈದ್ಯರಿಗೆ ಅವನಲ್ಲಿ ಯಾವ ದೋಷವೂ ಸಿಕ್ಕಿಲ್ಲ. ಅವನು ಧೈರ್ಯ ತಂದುಕೊಂಡ ಕೂಡಲೇ ಶಕ್ತಿ ಮರಳುತ್ತದೆ. ಚಿತ್ರದಲ್ಲಿ ವಾಸಿಯಾಗುವವನು ಅವನೊಬ್ಬನೇ, ಅವನ ಕಥೆಯೇ ಎಲ್ಲಕ್ಕಿಂತ ಪೇಲವ. ಮನಸ್ಸು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ, ವಿಕಲಚೇತನರು ಕೇಳಿ ಕೇಳಿ ಬೇಸತ್ತ ಉಪದೇಶಕ್ಕೆ ಅದು ಹತ್ತಿರ ಹೋಗುತ್ತದೆ. ಡೆಸ್ಟಿನಿಯ ಕಣ್ಣು ಮಾತ್ರ ಕೊನೆಯವರೆಗೂ ಹಾಗೇ ಇರುತ್ತದೆ. ಬೇಲಿ ದಾರಿ ಹೇಳುತ್ತಾನೆ, ಅವಳು ಈಜುತ್ತಾಳೆ. ಇಬ್ಬರೂ ಕಟ್ಟೆ ಹಾರಿ ಕಡಲಿಗೆ ಬೀಳುವುದು ಮೊದಲ ಯೋಜನೆಯಲ್ಲಿ ಇದ್ದಂತಿಲ್ಲ. ಸೆರೆಯಲ್ಲಿರುವ ಓರ್ಕಾಗಳ ಬಗ್ಗೆ ಗೇಬ್ರಿಯೆಲಾ ಕೌಪರ್ತ್‌ವೇಟ್ ಮಾಡಿದ ‘ಬ್ಲ್ಯಾಕ್‌ಫಿಶ್’ ಸಾಕ್ಷ್ಯಚಿತ್ರ 2013ರಲ್ಲಿ ಬಂದ ಮೇಲೆ, ಜೀವಿಗಳಿಗೆ ಹೊರಹೋಗುವ ಆಯ್ಕೆ ಇರುವಂತೆ ‘ಫೈಂಡಿಂಗ್ ಡೋರಿ’ಯ ಕೊನೆಯ ಭಾಗವನ್ನು ಬದಲಿಸಲಾಯಿತೆಂದು ಆ ವರ್ಷವೇ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಪ್ರಾಣಿಗಳ ಸೆರೆಯ ಬಗ್ಗೆ ಎದ್ದ ಪ್ರಶ್ನೆ ವೈಕಲ್ಯದ ಕಥೆಯನ್ನು ಸುಧಾರಿಸಿದ ಬಗೆ ಇದು.

ಡೇವಿಡ್ ಮಿಚೆಲ್ ಮತ್ತು ಶರಾನ್ ಸ್ನೈಡರ್ ತಮ್ಮ ‘ನರೇಟಿವ್ ಪ್ರಾಸ್ತೆಸಿಸ್’ (2000) ಗ್ರಂಥದಲ್ಲಿ, ಕಥೆಗಳು ವೈಕಲ್ಯವನ್ನು ಊರುಗೋಲಿನಂತೆ ಬಳಸಿಕೊಂಡು ಕೊನೆಯಲ್ಲಿ ಅದನ್ನು ಗುಣಪಡಿಸಿಯೋ ಕೊಂದೋ ದೂರ ಕಳಿಸಿಯೋ ಕೈತೊಳೆದುಕೊಳ್ಳುತ್ತವೆ ಎಂದು ತೋರಿಸಿದ್ದರು. ಡೋರಿಯ ಮರೆವು ಕೊನೆಯ ದೃಶ್ಯದವರೆಗೂ ಇದೆ. ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡುತ್ತ ಎಣಿಸುವಾಗಲೂ ಎಣಿಸುತ್ತಿರುವುದು ಏಕೆಂದು ಅವಳಿಗೆ ತಪ್ಪಿಹೋಗುತ್ತದೆ. ಆ ಪರೀಕ್ಷೆಯಲ್ಲಿ ಚಿತ್ರ ಗೆದ್ದಿದೆ. ಇನ್ನೊಂದು ಬಗೆಯ ಅಪಾಯ ಅದನ್ನು ಕಾಡುತ್ತದೆ: ಕೊರತೆಯನ್ನೇ ವರವೆಂದು ಹೊಗಳುವುದು. ದಾರಿ ತಪ್ಪಿದ ನೀಮೋ ಮತ್ತು ಮಾರ್ಲಿನ್, ಈ ಜಾಗದಲ್ಲಿ ಡೋರಿ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಕೇಳಿಕೊಂಡೇ ಮುಂದೆ ಸಾಗುತ್ತಾರೆ. ಮರೆತುಬಿಡುವುದರಲ್ಲಿ ನೀನು ಗಟ್ಟಿಗಿತ್ತಿ ಎಂಬರ್ಥದ ಮಾತನ್ನು ಕೋಪದಲ್ಲಿ ಅವಳ ಮುಖಕ್ಕೆ ಎಸೆದಿದ್ದ ಮಾರ್ಲಿನ್‌ಗೆ ಇದು ಪ್ರಾಯಶ್ಚಿತ್ತವೂ ಹೌದು. ಮರೆವಿನಿಂದಾಗಿ ಅವಳು ನಿರ್ಭೀತಳು ಎಂದು ಇದನ್ನು ಓದಿದರೆ ವೈಕಲ್ಯ ಮಾಯಾಶಕ್ತಿಯಾಗುತ್ತದೆ. ಆದರೆ ಪಾಚಿ, ಮರಳು, ಚಿಪ್ಪು ಎಂದು ಒಂದೊಂದಾಗಿ ನೋಡುವ ಆ ಹತ್ತು ನಿಮಿಷವನ್ನು ನೆನೆದರೆ ಬೇರೆ ಓದು ಸಾಧ್ಯ. ದೂರದ ಯೋಜನೆ ಹಾಕಲಾಗದವಳು ಹತ್ತಿರದ್ದನ್ನು ನೋಡಿ ನಡೆಯುವುದನ್ನು ಬದುಕಿಡೀ ಅಭ್ಯಾಸ ಮಾಡಿ ಗಳಿಸಿಕೊಂಡ ಕಸುಬು ಅದು. ಚಿತ್ರ ಎರಡೂ ಓದಿಗೆ ಎಡೆ ಕೊಡುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ.

ಉಳಿದದ್ದು ಬೆಕಿ ಮತ್ತು ಜೆರಾಲ್ಡ್. ಬೆಕಿ ಒಂದು ಲೂನ್ ಹಕ್ಕಿ. ಕೆದರಿದ ತಲೆ, ದಿಕ್ಕು ತಪ್ಪಿದ ಕಣ್ಣು, ಮಾತಿಲ್ಲ. ಜೆರಾಲ್ಡ್ ಕೂಡುಹುಬ್ಬಿನ ಕಡಲಸಿಂಹ, ಹಸಿರು ಬಕೆಟ್ ಹಿಡಿದುಕೊಂಡು ತಿರುಗುವವನು. ಫ್ಲೂಕ್, ರಡರ್ ಎಂಬ ಇಬ್ಬರು ಕಡಲಸಿಂಹಗಳು ತಮ್ಮ ಬಂಡೆಯ ಮೇಲೆ ಅವನನ್ನು ಹತ್ತಗೊಡದೆ ಓಡಿಸುತ್ತಲೇ ಇರುತ್ತವೆ. ನೋಡುಗರು ನಗಬೇಕೆಂದೇ ಆ ದೃಶ್ಯಗಳನ್ನು ಕಟ್ಟಿರುವುದು. ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆಯಿರುವವರ ಹಳೆಯ ಅಣಕುಚಿತ್ರ ಈ ಇಬ್ಬರಲ್ಲೂ ಇದ್ದಂತೆ ಕಾಣುತ್ತದೆ ಎಂದು, ಚಿತ್ರವನ್ನು ಮೆಚ್ಚಿದ ಪೋಷಕರೂ ವಿಮರ್ಶಕರೂ ಬಿಡುಗಡೆಯ ದಿನಗಳಲ್ಲೇ ಆಕ್ಷೇಪಿಸಿದರು. ಆಕ್ಷೇಪಣೆ ನ್ಯಾಯವಾದದ್ದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಮಾತ್ರ ಸರಿಯಲ್ಲ. ಬೆಕಿಯನ್ನು ನಂಬದ ಮಾರ್ಲಿನ್ ತನ್ನ ಅಪನಂಬಿಕೆಯಿಂದಲೇ ಕೆಡುತ್ತಾನೆ, ನೀಮೋ ಅಪ್ಪನನ್ನು ಗದರುತ್ತಾನೆ, ಕೊನೆಗೆ ಅವಳೇ ಬಂದು ಕೆಲಸ ಸಾಧಿಸುತ್ತಾಳೆ. ನಗೆಯ ಒಂದು ಪಾಲಾದರೂ ಮಾರ್ಲಿನ್ ಮೇಲೆ ತಿರುಗುತ್ತದೆ.

ನಮ್ಮ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ನಿಪುಣ್ ಮಲ್ಹೋತ್ರಾ ಪ್ರಕರಣದ ತೀರ್ಪಿನಲ್ಲಿ ಇಂಥ ಸಂದರ್ಭಗಳಿಗೆ ಒಂದು ಅಳತೆಗೋಲು ಕೊಟ್ಟಿದೆ. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ವಿರುದ್ಧ ಬಂದ ದೂರು ಅದು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ, ವೈಕಲ್ಯವಿರುವವರನ್ನು ಕುಗ್ಗಿಸುವ ಹಾಸ್ಯ ಬೇರೆ, ವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ ಎಂದು ವಿಂಗಡಿಸಿತು. ಡೋರಿ ತನ್ನ ಮರೆವಿನ ಬಗ್ಗೆ ತಾನೇ ನಗುವಾಗ, ಡೆಸ್ಟಿನಿಗೆ ಗೋಡೆಯಿಲ್ಲದ ಕಡಲಿನ ನೆನಪಾಗುವಾಗ ಇರುವುದು ಎರಡನೆಯ ಬಗೆ. ಜೆರಾಲ್ಡ್‌ನದು ಮೊದಲನೆಯದು, ಅದರಲ್ಲಿ ಅನುಮಾನಕ್ಕೆ ಎಡೆ ಕಡಿಮೆ.

ಈ ವ್ಯತ್ಯಾಸಕ್ಕೆ ಕಾರಣ ತಯಾರಕರ ಮನಸ್ಸಿನಲ್ಲಿ ಹುಡುಕುವುದಕ್ಕಿಂತ ಶಾಟ್‌ಗಳಲ್ಲಿ ಹುಡುಕುವುದು ಮೇಲು. ಡೋರಿಗೆ ಕಣ್ಣಳತೆಯ ಶಾಟ್‌ಗಳಿವೆ, ಬಾಲ್ಯವಿದೆ, ಅವಳಿಗಾಗಿ ಅಳುವ ತಾಯಿಯಿದ್ದಾಳೆ. ಹ್ಯಾಂಕ್‌ಗೆ ಭಯವಿದೆ, ಡೆಸ್ಟಿನಿಗೆ ಡೋರಿಯೊಂದಿಗೆ ಹಳೆಯ ಗೆಳೆತನವಿದೆ. ಜೆರಾಲ್ಡ್‌ನನ್ನು ನಾವು ನೋಡುವುದು ಯಾವಾಗಲೂ ಬಂಡೆಯ ಮೇಲಿನಿಂದ, ಅವನನ್ನು ಓಡಿಸುವವರ ಪಕ್ಕದಲ್ಲಿ ಕುಳಿತು. ಕೆಳಗಿನ ನೀರಿನಿಂದ ಬಂಡೆ ಹೇಗೆ ಕಾಣುತ್ತದೆ ಎಂದು ತೋರಿಸಲು ಒಂದೇ ಶಾಟ್ ಸಾಕಾಗಿತ್ತು, ಅಂಥ ಶಾಟ್ ತೆಗೆಯುವ ಕೌಶಲ ಆ ಸ್ಟುಡಿಯೊಗೆ ಇಲ್ಲದ್ದಲ್ಲ. ಅಷ್ಟಕ್ಕೂ ಕಥೆಗೆ ಅವನು ಬೇಡದವನೇನೂ ಆಗಿರಲಿಲ್ಲ. ಬಂಡೆಯ ಮೇಲೆ ಜಾಗ ಕೊಡುವ ಆಸೆ ತೋರಿಸಿ ಆ ಇಬ್ಬರು ಅವನ ಬಕೆಟ್ಟನ್ನು ಕಸಿದುಕೊಳ್ಳುತ್ತಾರೆ, ಮರುಕ್ಷಣ ಅವನನ್ನು ಕೆಳಕ್ಕೆ ಅಟ್ಟುತ್ತಾರೆ. ಬೆಕಿ ಕೊಕ್ಕಿನಲ್ಲಿ ಹಿಡಿದು ಮಾರ್ಲಿನ್ ಮತ್ತು ನೀಮೋರನ್ನು ಸಂಸ್ಥೆಯ ಕಡೆಗೆ ಹೊತ್ತೊಯ್ಯುವುದು ಆ ಬಕೆಟ್ಟಿನಲ್ಲೇ.